ವಾಹನದ ಹಿಂಗಾಜು ಬದಲಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು



ಪಂಪ್‌ಸೆಟ್ಟು, ಸ್ಪ್ರೇಯರ್, ಪಲ್ಪರ್ ಮುಂತಾದ ಯಂತ್ರಗಳನ್ನು ಕೊಳ್ಳುವಾಗ ನಮ್ಮ ಸದಸ್ಯರು ಹತ್ತು ಕಡೆ ವಿಚಾರಿಸುತ್ತಾರೆ. ಆದರೆ ಮನೆಯ ಜೀಪು, ವ್ಯಾನು, ಪಿಕಪ್ಪಿನ ಹಿಂಬದಿಯ ಗಾಜು ಒಡೆದಾಗ ಹಾಗೆ ವಿಚಾರಿಸುವವರು ವಿರಳ. ಪೇಟೆಯ ಗಾಜಿನಂಗಡಿಯವರು "ನಾಳೆ ಸಂಜೆಗೆ ಹಾಕಿಕೊಡುತ್ತೇವೆ" ಎನ್ನುತ್ತಾರೆ, ನಾವು "ಹೂಂ" ಎನ್ನುತ್ತೇವೆ. ಆ ಹೂಂ ಎನ್ನುವ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಅವನ್ನು ಕೇಳದೆ ಹಾಕಿಸಿದ ಗಾಜು ಮಳೆಗಾಲದಲ್ಲಿ ಸೋರುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ. ಅಪಘಾತವಾದರಂತೂ ಹಿಂದೆ ಕುಳಿತ ಮಕ್ಕಳ, ಆಳುಗಳ ಜೀವಕ್ಕೇ ಎರವಾಗಬಹುದು. ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಹಿಂಗಾಜಿನ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಮೊದಲಿಗೆ, ಈ ಗಾಜು ಎಂಥದು?

ವಾಹನದ ಮುಂದಿನ ಗಾಜು ಎರಡು ಪದರದ್ದು. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳುಹಾಳೆಯನ್ನಿಟ್ಟು ಬೆಸೆದಿರುತ್ತಾರೆ. ಕಲ್ಲು ಬಿದ್ದರೆ ಅದು ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಬಹುಪಾಲು ವಾಹನಗಳ ಹಿಂಬದಿ ಗಾಜು ಹಾಗಲ್ಲ. ಅದು ಒಂದೇ ಪದರದ, ಹದಗೊಳಿಸಿದ ಗಾಜು. ಅಂಗಡಿಗಳಲ್ಲಿ ಇದಕ್ಕೆ ಟಫನ್ಡ್ ಗ್ಲಾಸ್ ಎನ್ನುತ್ತಾರೆ.

ಕಮ್ಮಾರನು ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹದ ಕೊಡುವುದನ್ನು ನಾವೆಲ್ಲ ಕಂಡಿದ್ದೇವೆ. ಈ ಗಾಜನ್ನೂ ಕಾರ್ಖಾನೆಯಲ್ಲಿ 600 ಡಿಗ್ರಿ ಸೆಲ್ಷಿಯಸ್‌ಗೂ ಮೇಲೆ ಕಾಯಿಸಿ, ತಣ್ಣನೆಯ ಗಾಳಿಯನ್ನು ರಭಸದಿಂದ ಊದಿ ತಟ್ಟನೆ ಆರಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ಆರುತ್ತ ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಈ ಬಿಗಿತದಿಂದಲೇ ಅದಕ್ಕೆ ಸಾಮಾನ್ಯ ಗಾಜಿನ ಸುಮಾರು ನಾಲ್ಕು ಪಟ್ಟು ಬಲ. ಆದರೆ ಒಂದು ಕಡೆ ಬಿಗಿತ ತಪ್ಪಿದರೆ ಸಾಕು, ಇಡೀ ಗಾಜು ಒಮ್ಮೆಗೇ ಜೋಳದ ಕಾಳಿನಂಥ ಸಣ್ಣ ಚೂರುಗಳಾಗಿ ಉದುರುತ್ತದೆ. ಆ ಚೂರುಗಳು ಚುಚ್ಚಿದರೂ, ಕಿಟಕಿ ಗಾಜಿನ ಉದ್ದನೆಯ ಚೂರಿನಂತೆ ಕತ್ತನ್ನೋ ಕೈಯನ್ನೋ ಸೀಳುವುದಿಲ್ಲ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು, ಮುಂದಿನ ಗಾಜಿನ ಸಣ್ಣ ಬಿರುಕನ್ನು ತುಂಬಿಸಿ ಸರಿಪಡಿಸಬಹುದಾದಂತೆ ಹಿಂದಿನದನ್ನು ಸರಿಪಡಿಸಲಾಗದು, ಒಡೆದರೆ ಬದಲಿಸಲೇಬೇಕು. ಎರಡು, ಹದಗೊಳಿಸಿದ ಮೇಲೆ ಈ ಗಾಜನ್ನು ಕೊಯ್ಯಲು ಬಾರದು, ತೂತು ಕೊರೆಯಲೂ ಬಾರದು. ಕೊಯ್ದರೆ ಅಲ್ಲಿಯೇ ಪುಡಿಯಾಗುತ್ತದೆ. ಯಾರಾದರೂ "ನಿಮ್ಮ ಗಾಡಿಯ ಅಳತೆಗೆ ಇಲ್ಲಿಯೇ ಕೊಯ್ದು ಕೂರಿಸುತ್ತೇವೆ" ಎಂದರೆ ಅದು ಹದಗೊಳಿಸಿದ ಗಾಜಲ್ಲವೆಂದು ತಿಳಿಯಿರಿ. ಈ ಒಂದು ಮಾತನ್ನು ನೆನಪಿಟ್ಟರೂ ಈ ಪಾಠ ಸಾರ್ಥಕ.

ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದವು

1. ಗಾಜು ಒಡೆದುದೇಕೆ?

ಕಾರಣ ಉಳಿದರೆ ಹೊಸ ಗಾಜೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ನಮ್ಮ ಕಡೆ ಮುಖ್ಯವಾಗಿ ಮೂರು ಕಾರಣಗಳಿವೆ. ಕಳೆ ಕೊಚ್ಚುವ ಯಂತ್ರ ಬಂದ ಮೇಲೆ ಅದರ ಅಲಗಿಗೆ ಸಿಕ್ಕಿ ಸಿಡಿಯುವ ಕಲ್ಲು ಮೊದಲನೆಯದು. ಗೋಲಿಯಷ್ಟು ಚಿಕ್ಕ ಕಲ್ಲಾದರೂ ವೇಗದಿಂದ ಬಂದರೆ ಸಾಕು. ಯಂತ್ರ ನಡೆಯುವ ಕಡೆ ವಾಹನ ನಿಲ್ಲಿಸದಿರುವುದೇ ಇದಕ್ಕೆ ಮದ್ದು.

ಎರಡನೆಯದು ಪಿಕಪ್ಪಿನಲ್ಲಿ ಹೇರಿದ ಸಾಮಾನು. ಅಡಿಕೆ ದಬ್ಬೆ, ಸಿಲ್ವರ್ ಓಕ್ ತುಂಡು, ನೀರಿನ ಪೈಪು, ಏಣಿ ಇವು ಇಳಿಜಾರಿನಲ್ಲಿ ಬ್ರೇಕ್ ಒತ್ತಿದೊಡನೆ ಮುಂದಕ್ಕೆ ಜಾರಿ ಚಾಲಕನ ಬೆನ್ನ ಹಿಂದಿನ ಗಾಜಿಗೆ ಬಡಿಯುತ್ತವೆ. ಇಲ್ಲಿ ಗಾಜಿಗಿಂತ ಮೊದಲು ಬೇಕಾದದ್ದು ಭದ್ರವಾದ ಕಬ್ಬಿಣದ ಜಾಲರಿ ಮತ್ತು ಹಗ್ಗದ ಬಿಗಿತ. ಮೂರನೆಯದು ಅಡಿಕೆ ಮರದ, ತೆಂಗಿನ ಮರದ ಕೆಳಗೆ ವಾಹನ ನಿಲ್ಲಿಸುವ ರೂಢಿ.

ಇವಾವುವೂ ಅಲ್ಲದೆ ಗಾಜು ತಾನಾಗಿಯೇ ಒಡೆದಿದ್ದರೆ ಅದರ ಚೌಕಟ್ಟನ್ನು ಪರೀಕ್ಷಿಸಿರಿ. ತುಕ್ಕಿನಿಂದ ಉಬ್ಬಿದ ಅಥವಾ ಗುದ್ದಿಸಿಕೊಂಡು ಸೊಟ್ಟಗಾದ ತಗಡು ಗಾಜಿನ ಅಂಚನ್ನು ಒತ್ತುತ್ತಿರಬಹುದು.

2. ವಿಮೆಯಿಂದ ಹಣ ಪಡೆಯುವುದು ಲಾಭವೇ?

ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ನಮ್ಮ ಗಾಜಿಗೆ ಹಣ ಬಾರದು. ಸಮಗ್ರ ವಿಮೆಯಿದ್ದರೆ ಬರುತ್ತದೆ. ಗಾಜಿನ ಭಾಗಗಳಿಗೆ ಸವಕಳಿ ಕಳೆಯುವುದಿಲ್ಲ. ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಸಾಮಾನ್ಯವಾಗಿ ಶೇ. 50 ಕಳೆಯುತ್ತಾರೆ. ನಾವು ಕೈಯಿಂದ ಕೊಡಬೇಕಾದ ಕಡ್ಡಾಯದ ಮೊತ್ತವೂ ಒಂದಿರುತ್ತದೆ.

ಆದರೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುವ ಸಂಭವವುಂಟು. ಒಂದು ಲೆಕ್ಕ ನೋಡೋಣ. ಸ್ವಂತ ವಾಹನದ ಹಾನಿಗೆಂದು ಕಟ್ಟುವ ಪ್ರೀಮಿಯಂ 6,000 ರೂಪಾಯಿ, ಬೋನಸ್ ಶೇ. 50 ಇದೆಯೆನ್ನಿ. ಅಂದರೆ ವರ್ಷಕ್ಕೆ 3,000 ರೂಪಾಯಿ ಉಳಿತಾಯ. ಗಾಜಿಗೆ 4,500 ರೂಪಾಯಿ ಆಗಿ, ಕಡ್ಡಾಯದ ಮೊತ್ತ 1,000 ಕಳೆದರೆ ಕೈಗೆ ಬರುವುದು 3,500. ಮೊದಲ ವರ್ಷ ಬೋನಸ್ ಇಲ್ಲದೆ 3,000 ಹೆಚ್ಚು ಕಟ್ಟಬೇಕು. ಮರುವರ್ಷ ಬೋನಸ್ ಶೇ. 20ರಿಂದ ಮತ್ತೆ ಆರಂಭವಾಗುವುದರಿಂದ ಇನ್ನೂ 1,800 ಹೆಚ್ಚು. ಎರಡೇ ವರ್ಷದಲ್ಲಿ 3,500 ಪಡೆಯಲು 4,800 ತೆತ್ತಂತಾಯಿತು! ಬೋನಸ್ ಕಡಿಮೆಯಿದ್ದು ಗಾಜು ದುಬಾರಿಯಾಗಿದ್ದರೆ ಲೆಕ್ಕ ತಿರುಗುತ್ತದೆ. ಕೆಲವು ಪಾಲಿಸಿಗಳಲ್ಲಿ ಬೋನಸ್ ಉಳಿಸುವ ಷರತ್ತೂ ಇರುತ್ತದೆ. ಆದುದರಿಂದ ಪಾಲಿಸಿ ತೆಗೆದು ಓದಿ, ಪೆನ್ನು ಹಿಡಿದು ಕೂಡಿ ಕಳೆದು ನೋಡಿರಿ.

ಕ್ಲೇಮು ಮಾಡುವುದೆಂದು ನಿಶ್ಚಯಿಸಿದರೆ ಒಡೆದ ಗಾಜನ್ನು ತೆಗೆಯುವ ಮೊದಲೇ ಫೋಟೋ ತೆಗೆದು ಕಂಪನಿಗೆ ತಿಳಿಸಿರಿ. ಕೆಲಸ ಮುಗಿಸಿ ರಸೀದಿ ಕಳಿಸಿದರೆ ತಕರಾರು ಬರುತ್ತದೆ.

ಅಂಗಡಿಯವರನ್ನು ಕೇಳಬೇಕಾದವು

3. ಇದು ಸುರಕ್ಷಾ ಗಾಜೇ? ಮುದ್ರೆ ಎಲ್ಲಿದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದ ಪ್ರಕಾರ ವಾಹನದ ಕಿಟಕಿಗಳಿಗೆಲ್ಲ ಸುರಕ್ಷಾ ಗಾಜನ್ನು ಅಥವಾ ಸುರಕ್ಷಾ ಗ್ಲೇಜಿಂಗನ್ನೇ ಬಳಸಬೇಕು. ಅದರ ಮೂಲೆಯಲ್ಲಿ ಅಳಿಸಲಾಗದಂತೆ ತಯಾರಕರ ಹೆಸರು, ಐಎಸ್‌ಐ ಮುದ್ರೆ, ಐಎಸ್ 2553 ಎಂಬ ಮಾನಕ ಸಂಖ್ಯೆ ಇವೆಯೇ ನೋಡಿರಿ. ಕೂರಿಸಿದ ಮೇಲಲ್ಲ, ಕೂರಿಸುವ ಮೊದಲೇ ನೋಡಿರಿ. ಮನೆಯ ಕಿಟಕಿಗೆ ಹಾಕುವ ಗಾಜನ್ನು ಕೊಯ್ದು ಹಾಕಿಸಿಕೊಂಡರೆ ಕೆಲವು ನೂರು ರೂಪಾಯಿ ಉಳಿಯಬಹುದು. ಆದರೆ ಹಿಂದಿನಿಂದ ಯಾವುದಾದರೂ ವಾಹನ ಗುದ್ದಿದ ದಿನ ಅದು ಹಿಂದಿನ ಸೀಟಿನವರ ತಲೆಯ ಮೇಲೆ ಕತ್ತಿಗಳಾಗಿ ಬೀಳುತ್ತದೆ.

ಅದೇ ನಿಯಮದಂತೆ ಹಿಂಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು. ಬಣ್ಣದ ಗಾಜು ತೋರಿಸಿದರೆ ಈ ಪ್ರಮಾಣವನ್ನು ವಿಚಾರಿಸಿರಿ. ಮಂಜು ಕವಿದ ಘಾಟಿಯಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಈ ನಿಯಮದ ಬೆಲೆ ತಿಳಿಯುತ್ತದೆ.

4. ನನ್ನ ಗಾಡಿಗೆ ಸರಿಯಾಗಿ ಹೊಂದುತ್ತದೆಯೇ?

ಒಂದೇ ಹೆಸರಿನ ಗಾಡಿಯಲ್ಲಿಯೂ ವರ್ಷಕ್ಕೊಂದು, ದರ್ಜೆಗೊಂದು ಬಗೆಯ ಗಾಜಿರುತ್ತದೆ. ಆರ್‌ಸಿ ಪುಸ್ತಕದಲ್ಲಿರುವ ಮಾದರಿ, ತಯಾರಾದ ತಿಂಗಳು, ವರ್ಷ, ಚಾಸಿ ಸಂಖ್ಯೆ ಹೇಳಿ ವಿಚಾರಿಸಿರಿ. ಹಳೆಯ ಗಾಜಿನಲ್ಲಿ ವೈಪರಿಗೆ ತೂತು ಇತ್ತೇ? ಮಂಜು ಕಳೆಯುವ ಡೀಫಾಗರ್ ತಂತಿಯ ಗೆರೆಗಳಿದ್ದವೇ? ರೇಡಿಯೋ ಏರಿಯಲ್ ಅದರಲ್ಲಿಯೇ ಇತ್ತೇ? ತೂತಿಲ್ಲದ ಗಾಜಿಗೆ ಆಮೇಲೆ ತೂತು ಕೊರೆಯಲಾಗದು ಎಂಬುದನ್ನು ಮೇಲೆ ಹೇಳಿದ್ದೇವೆ. ಡೀಫಾಗರ್ ಗೆರೆಗಳನ್ನೂ ಕಾರ್ಖಾನೆಯಲ್ಲಿಯೇ ಗಾಜಿನ ಮೇಲೆ ಅಚ್ಚೊತ್ತಿರುತ್ತಾರೆ. ಆಷಾಢದ ಮಳೆಯಲ್ಲಿ ಒಳಗೆಲ್ಲ ಆವಿ ಕಟ್ಟಿದಾಗ ಆ ಗೆರೆಗಳಿಲ್ಲದಿದ್ದರೆ ಹಿಂದಿನದೇನೂ ಕಾಣದು.

5. ಹೇಗೆ ಕೂರಿಸುತ್ತೀರಿ? ಯಾವ ಅಂಟು?

ಹಳೆಯ ಗಾಡಿಗಳಲ್ಲಿ ಗಾಜನ್ನು ರಬ್ಬರ್ ಬೀಡಿಂಗಿನಲ್ಲಿ ಸಿಕ್ಕಿಸುತ್ತಿದ್ದರು. ಅಂಥ ಗಾಡಿಯಾದರೆ ಹೊಸ ಬೀಡಿಂಗ್ ಹಾಕುವರೇ ಎಂದು ಕೇಳಿರಿ. ಬಿಸಿಲಿಗೆ ಸೆಡೆತ ಹಳೆಯ ರಬ್ಬರಿಗೆ ಹೊಸ ಗಾಜು ಕೂರಿಸಿದರೆ ಮೊದಲ ಮಳೆಗೇ ನೀರು ಒಳಗೆ ಬರುತ್ತದೆ.

ಈಚಿನ ಅನೇಕ ಗಾಡಿಗಳಲ್ಲಿ ಗಾಜನ್ನು ಪಾಲಿಯುರಿಥೇನ್ ಅಂಟಿನಿಂದ ತಗಡಿಗೆ ಅಂಟಿಸಿರುತ್ತಾರೆ. ಅದರ ಬದಲು ಕಟ್ಟಡದ ಕೆಲಸಕ್ಕೆ ಬಳಸುವ ಸಿಲಿಕೋನ್ ಹಚ್ಚಲು ಬಿಡಬೇಡಿರಿ. ಗಾಜನ್ನು ಹಿಡಿದಿಡುವ ಬಲ ಅದಕ್ಕೆ ಸಾಲದು. ಹಚ್ಚುವಾಗ ವಿನೆಗರಿನಂತೆ ಹುಳಿ ವಾಸನೆ ಹೊಡೆಯುವ ಸಿಲಿಕೋನಿನಿಂದ ಆಮ್ಲ ಹೊರಬಂದು ತಗಡನ್ನು ತಿನ್ನುತ್ತದೆ.

ಚೌಕಟ್ಟಿನ ತುಕ್ಕನ್ನು ಕೆರೆದು, ಪ್ರೈಮರ್ ಹಚ್ಚಿ, ಒಣಗಿಸಿದ ಮೇಲೆಯೇ ಅಂಟು ಹಚ್ಚಬೇಕು. ತುಕ್ಕಿನ ಮೇಲೆ ಹಚ್ಚಿದ ಅಂಟು ತುಕ್ಕಿನೊಡನೆ ಕಿತ್ತುಬರುತ್ತದೆ. ಮಳೆಗಾಲದಲ್ಲಿ ಈ ಕೆಲಸವನ್ನು ಸೂರಿನ ಕೆಳಗೇ ಮಾಡಿಸಿರಿ.

6. ಗಾಡಿಯನ್ನು ಯಾವಾಗ ಒಯ್ಯಬಹುದು? ಸೋರಿದರೆ ಹೊಣೆ ಯಾರದು?

ಅಂಟು ಹಿಡಿಯಲು ತಾಸುಗಳು ಬೇಕು. ಎಷ್ಟು ತಾಸು ಎಂಬುದು ಅಂಟಿನ ಬಗೆ ಮತ್ತು ಹವೆಯನ್ನು ಅನುಸರಿಸುತ್ತದೆ; ಅಂಟಿನ ಕೊಳವೆಯ ಮೇಲೆ ಬರೆದಿರುತ್ತದೆ, ಕೇಳಿ ತಿಳಿಯಿರಿ. "ಈಗಲೇ ಒಯ್ಯಿರಿ" ಎಂದರೆ ಒಪ್ಪಬೇಡಿರಿ. ಮನೆಗೆ ತಂದ ಮೊದಲ ದಿನ ಬಾಗಿಲನ್ನು ಧಡಾರನೆ ಹಾಕಬಾರದು. ಒಳಗೆ ಸಿಕ್ಕಿದ ಗಾಳಿ ಗಾಜನ್ನು ಹೊರಕ್ಕೆ ತಳ್ಳುವುದರಿಂದ ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಟ್ಟಿರಬೇಕು. ತೋಟದ ಹೊಂಡದ ದಾರಿಯೂ, ರಭಸದ ನೀರಿನಿಂದ ತೊಳೆಯುವುದೂ ಬೇಡ. ಗಾಜಿಗೆ, ಅಂಟಿಗೆ, ಕೂಲಿಗೆ ಬೇರೆ ಬೇರೆ ಬರೆದ ರಸೀದಿ ಪಡೆದು, ಸೋರಿದರೆ ಎಷ್ಟು ದಿನದೊಳಗೆ ಉಚಿತವಾಗಿ ಸರಿಪಡಿಸುತ್ತಾರೆಂಬುದನ್ನೂ ಅದರಲ್ಲಿ ಬರೆಸಿಕೊಳ್ಳಿರಿ.

ಗಾಜು ಬರುವ ತನಕ

ಶಿವಮೊಗ್ಗದಿಂದಲೋ ಹಾಸನದಿಂದಲೋ ಮಂಗಳೂರಿನಿಂದಲೋ ಗಾಜು ಬರಲು ಕೆಲವು ದಿನಗಳು ಹಿಡಿಯಬಹುದು. ಅಷ್ಟರಲ್ಲಿ ಗಾಡಿ ಓಡಿಸಲೇಬೇಕಾದರೆ ಒಂದು ಎಚ್ಚರಿಕೆ. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುತ್ತದೆ. ಹಿಂಬದಿ ತೆರೆದಿದ್ದರೆ ಸೈಲೆನ್ಸರಿನ ಹೊಗೆ ಒಳಕ್ಕೆ ಸೆಳೆಯಲ್ಪಡುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದಾಗಲೇ ತಿಳಿಯುವುದು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಂಚಿಗೆ ಭದ್ರವಾಗಿ ಟೇಪಿನಿಂದ ಅಂಟಿಸಿ, ಪಕ್ಕದ ಕಿಟಕಿಗಳನ್ನು ತೆರೆದು, ಹತ್ತಿರದ ಕೆಲಸಕ್ಕೆ ಮಾತ್ರ ಬಳಸಿರಿ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ದೂರ ಹೋಗಬೇಡಿರಿ.

ಚೂರುಗಳು ಎಲ್ಲಿ ಹೋದವು?

ಕೊನೆಯ ಪ್ರಶ್ನೆ ಇದು. ನಮ್ಮಂಥ ಬೆಳೆಗಾರರಿಗೆ ಅತಿ ಮುಖ್ಯವಾದದ್ದೂ ಇದೇ. ಉದುರಿದ ಚೂರುಗಳು ಸೀಟಿನ ಸಂದಿಗೆ, ಚಾಪೆಯ ಅಡಿಗೆ, ಹಿಂಬಾಗಿಲಿನ ಒಳಗಿನ ಪೊಳ್ಳಿಗೆ ಸೇರುತ್ತವೆ. ಅದೇ ಗಾಡಿಯಲ್ಲಿ ನಾವು ಕಾಫಿ ಚೀಲ, ಸಿಪ್ಪೆಗೋಟು, ಕೆಂಪಡಿಕೆ, ಹಸುವಿನ ಹಿಂಡಿ, ಹುಲ್ಲಿನ ಕಟ್ಟು ಎಲ್ಲವನ್ನೂ ಸಾಗಿಸುತ್ತೇವೆ. ಹರಿದ ಗೋಣಿಯೊಳಗೆ ಸೇರಿದ ಒಂದು ಚೂರು ಹುಲ್ಲಿನೊಡನೆ ಹಸುವಿನ ಹೊಟ್ಟೆಗೆ ಹೋಗಬಹುದು, ಅಡಿಕೆಯೊಡನೆ ಮಂಡಿಗೂ ಹೋಗಬಹುದು. ಅಡಿಕೆಯನ್ನು ಜನ ಬಾಯಿಗೆ ಹಾಕಿ ಜಗಿಯುತ್ತಾರೆ ಎಂಬುದನ್ನು ಮರೆಯಬಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮವರದೇ ಅಲ್ಲವೇ?

ಆದುದರಿಂದ ಗಾಜು ಒಡೆದಾಗ ಗಾಡಿಯಲ್ಲಿದ್ದ ಚೀಲಗಳನ್ನು ಬೇರೆಯಿಟ್ಟು ಜಾಲಿಸಿ ನೋಡಿರಿ. ಅಲ್ಲಿದ್ದ ಹಿಂಡಿ, ಹುಲ್ಲನ್ನು ದನಗಳಿಗೆ ಹಾಕಲೇಬೇಡಿರಿ. ಬರಿಗೈಯಿಂದ ಗುಡಿಸದೆ ದಪ್ಪ ಕೈಚೀಲ ತೊಟ್ಟುಕೊಳ್ಳಿರಿ. ಅಂಗಡಿಯಲ್ಲಿ ವ್ಯಾಕ್ಯೂಮ್ ಯಂತ್ರದಿಂದ ಸೀಟಿನ ಸಂದಿ, ಬಾಗಿಲಿನ ಒಳಭಾಗ ಎರಡನ್ನೂ ಶುದ್ಧಮಾಡಿ ಕೊಡುವರೇ ಎಂದು ಮೊದಲೇ ಕೇಳಿರಿ. ಹಿಂಬಾಗಿಲನ್ನು ಮೆಲ್ಲನೆ ಆಡಿಸಿದಾಗ ಒಳಗೆ ಗಲಗಲ ಸದ್ದಾದರೆ ಚೂರು ಉಳಿದಿದೆಯೆಂದೇ ಅರ್ಥ.

ಅಂಟು ಪೂರ್ಣ ಹಿಡಿದ ಮೇಲೆ ಗಾಜಿನ ಮೇಲಂಚಿನಿಂದ ಎರಡು ಕೊಡ ನೀರನ್ನು ನಿಧಾನವಾಗಿ ಸುರಿಯಿರಿ. ಒಬ್ಬರು ಒಳಗೆ ಕುಳಿತು ಅಂಚಿನುದ್ದಕ್ಕೂ ಒಣ ಬಟ್ಟೆ ಒತ್ತಿ ನೋಡಲಿ. ಡೀಫಾಗರ್ ಇದ್ದರೆ ಒಳಗಿನಿಂದ ಗಾಜಿಗೆ ಉಸಿರು ಊದಿ ಸ್ವಿಚ್ಚು ಹಾಕಿರಿ. ಯಾವ ಗೆರೆಯ ಬಳಿ ಆವಿ ಕರಗುವುದಿಲ್ಲವೋ ಆ ಗೆರೆ ಕೆಟ್ಟಿದೆ. ಈ ಎರಡು ಪರೀಕ್ಷೆಗಳಿಗೆ ಕಾಲು ಗಂಟೆ ಸಾಕು. ಮುಂಗಾರಿನ ಮೊದಲು ಇವನ್ನು ಮುಗಿಸಿದರೆ ದೋಷವನ್ನು ಅಂಗಡಿಯವರಿಂದಲೇ ಸರಿಪಡಿಸಿಕೊಳ್ಳಬಹುದು.

ಒಡೆದುದೇಕೆ, ವಿಮೆಯ ಲೆಕ್ಕವೇನು, ಮುದ್ರೆ ಎಲ್ಲಿ, ಗಾಡಿಗೆ ಹೊಂದುವುದೇ, ಅಂಟು ಯಾವುದು, ಎಷ್ಟು ತಾಸು, ಚೂರು ಪೂರ್ತಿ ಹೋಯಿತೇ: ಈ ಏಳು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯ ಕಾಗದಪತ್ರಗಳೊಡನೆ ಇಟ್ಟುಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ಕೋರಿಕೆ. ಗಾಡಿಯನ್ನು ಪೇಟೆಗೆ ಒಯ್ಯುವವರು ಚಾಲಕರೋ ಮನೆಯ ಹುಡುಗರೋ ಆಗಿದ್ದರೆ ಈ ಚೀಟಿ ಅವರ ಕೈಯಲ್ಲಿರಲಿ.