ಒತ್ತಿ ಮಾತಾಡಿ, ಬಿಟ್ಟು ಕೇಳಿ

ಮದುವೆ ಛತ್ರದಲ್ಲಿ ಮೂರನೇ ಪಂಕ್ತಿ ಕೂತಿದೆ. ಊಟದ ಹಾಲ್ ನೋಡಿಕೊಳ್ಳುವವರು ಅಡುಗೆಮನೆಗೆ ಫೋನ್ ಮಾಡಬೇಕೆಂದರೆ ನಂಬರ್ ಹುಡುಕಬೇಕು, ರಿಂಗ್ ಆಗಬೇಕು, ಕೈತುಂಬ ಹಿಟ್ಟು ಮೆತ್ತಿಕೊಂಡಿರುವ ಅಡುಗೆಯವರು ಅದನ್ನು ಎತ್ತಬೇಕು. ಅಷ್ಟರಲ್ಲಿ ಎಲೆ ಮುಂದಿನವರು ಅನ್ನದಲ್ಲಿ ಗುಣಿ ಮಾಡಿಕೊಂಡು ಸಾರಿನ ದಾರಿ ಕಾಯುತ್ತಿರುತ್ತಾರೆ. ಅದರ ಬದಲು ಸೊಂಟದ ಸೆಟ್‌ನ ಗುಂಡಿ ಒತ್ತಿ, "ಅಡುಗೆಮನೆ, ಅಡುಗೆಮನೆ, ಇದು ಹಾಲ್. ಸಾರು ಕಳಿಸಿ. ಓವರ್" ಎಂದರೆ ಎರಡೇ ಸೆಕೆಂಡಿನಲ್ಲಿ ಉತ್ತರ ಬರುತ್ತದೆ: "ಕಾಪಿ. ಸಾರು ಹೊರಟಿದೆ."

ಗುಂಡಿ ಒತ್ತಿ ಮಾತಾಡುವ ಈ ಸೌಲಭ್ಯಕ್ಕೆ ‘ಪುಶ್ ಟು ಟಾಕ್’, ಚಿಕ್ಕದಾಗಿ ಪಿಟಿಟಿ ಎಂದು ಹೆಸರು. ಪೊಲೀಸರ ವೈರ್‌ಲೆಸ್ ಸೆಟ್‌ಗಳಲ್ಲಿ ಮೊದಲಿಂದಲೂ ಇದ್ದದ್ದು ಸಾದಾ ಕೀಪ್ಯಾಡ್ ಫೋನುಗಳಿಗೂ ಬಂತು. ಸ್ಮಾರ್ಟ್‌ಫೋನ್ ಒಗ್ಗದ ಹಿರಿಯರು, ಕಾವಲುಗಾರರು, ಎಸ್ಟೇಟಿನ ಮೇಸ್ತ್ರಿಗಳು, ಜಾತ್ರೆಯ ಸ್ವಯಂಸೇವಕರು ಒಂದೇ ಸಂಜೆಯಲ್ಲಿ ಇದನ್ನು ಕಲಿಯಬಹುದು. ಗುಂಡಿ ಒತ್ತುವುದು ಸುಲಭ. ಕಲಿಯಬೇಕಾದದ್ದು ಸರದಿ ಪ್ರಕಾರ ಮಾತಾಡುವ ಅಭ್ಯಾಸವನ್ನು.

ಫೋನಿಗೆ ಬಂದ ಬಗೆ

ಇದನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ನೆಕ್ಸ್‌ಟೆಲ್ ಕಂಪನಿ. ಮೊಟೊರೊಲಾ ರೂಪಿಸಿದ ‘ಐಡೆನ್’ ತಂತ್ರಜ್ಞಾನದ ಮೇಲೆ 1990ರ ದಶಕದಲ್ಲಿ ಅದು ಕಟ್ಟಿದ ಜಾಲದಲ್ಲಿ ಒಂದೇ ಸಾಧನ ಫೋನೂ ಆಗಿತ್ತು, ವಾಕಿಟಾಕಿಯೂ ಆಗಿತ್ತು. ಕಟ್ಟಡ ಕೆಲಸದವರು, ಟ್ರಕ್ ಚಾಲಕರು, ಪ್ಲಂಬರ್‌ಗಳು ಅದನ್ನು ಬಲು ಮೆಚ್ಚಿಕೊಂಡರು. ಗುಂಡಿ ಒತ್ತಿದಾಗ ಕೇಳುತ್ತಿದ್ದ ಹಕ್ಕಿಯ ಚಿಲಿಪಿಲಿಯಂಥ ಸದ್ದೇ ಕಂಪನಿಯ ಗುರುತಾಯಿತು. 2004ರ ಹೊತ್ತಿಗೆ ಬಂದ ಕೆಲವು ಮಾದರಿಗಳಲ್ಲಿ ‘ಡೈರೆಕ್ಟ್ ಟಾಕ್’ ಎಂಬ ಸೌಲಭ್ಯವೂ ಇತ್ತು. ಟವರ್ ಸಿಗದ ಕಡೆ ಎರಡು ಫೋನುಗಳು ನೇರವಾಗಿ ರೇಡಿಯೊ ತರಂಗದಲ್ಲೇ ಮಾತಾಡಿಕೊಳ್ಳುತ್ತಿದ್ದವು.

2005ರಲ್ಲಿ ನೆಕ್ಸ್‌ಟೆಲ್ ಸ್ಪ್ರಿಂಟ್ ಕಂಪನಿಯೊಂದಿಗೆ ವಿಲೀನವಾಯಿತು. 2013ರ ಜೂನ್ 30ರಂದು ಐಡೆನ್ ಜಾಲವನ್ನು ಮುಚ್ಚಿದರು. ಆದರೆ ಸೌಲಭ್ಯ ಸಾಯಲಿಲ್ಲ, ಮೊಬೈಲ್ ಡೇಟಾಕ್ಕೆ ಹೊರಳಿತು. ಆಮೇಲೆ ಅಮೆರಿಕದಲ್ಲಿ ಬಂದ ಕ್ಯೊಸೆರಾದ ಮಡಚುವ ‘ಡ್ಯೂರಾ’ ಫೋನುಗಳು, ಸೋನಿಮ್‌ನ ‘ಎಕ್ಸ್‌ಪಿ5ಎಸ್’ ಮೊದಲಾದ ಗಟ್ಟಿಮುಟ್ಟಾದ ಕೀಪ್ಯಾಡ್ ಫೋನುಗಳ ಪಕ್ಕದಲ್ಲೇ ಪಿಟಿಟಿ ಗುಂಡಿ ಇರುತ್ತದೆ. ಎಟಿ ಅಂಡ್ ಟಿ ಕಂಪನಿ 2012ರಲ್ಲಿ ಆರಂಭಿಸಿದ ಪಿಟಿಟಿ ಸೇವೆಯ ಹಿಂದಿನ ತಂತ್ರಾಂಶ ಕೊಡಿಯಾಕ್ ನೆಟ್‌ವರ್ಕ್ಸ್‌ನದು. 2017ರಲ್ಲಿ ಮೊಟೊರೊಲಾ ಸೊಲ್ಯೂಷನ್ಸ್ ಕೊಂಡುಕೊಂಡ ಆ ಕಂಪನಿಗೆ ಬೆಂಗಳೂರಿನಲ್ಲಿಯೂ ಎಂಜಿನಿಯರಿಂಗ್ ಕೇಂದ್ರವಿತ್ತು.

ಹಂತ 1: ಕೈಯಲ್ಲಿರುವುದು ಯಾವುದು?

ನೋಡಲು ಒಂದೇ ಥರ ಕಾಣುವ ಈ ಸಾಧನಗಳಲ್ಲಿ ಮೂರು ಜಾತಿ. ಮೊದಲನೆಯದು ಸಿಮ್ ಹಾಕುವ ಪಿಟಿಟಿ ಫೋನ್. ಮಾತು ಮೊಬೈಲ್ ಟವರ್ ಮೂಲಕ, ಡೇಟಾ ರೂಪದಲ್ಲಿ ಹೋಗುತ್ತದೆ. ಟವರ್ ಇದ್ದರೆ ಮಂಗಳೂರಿನಿಂದ ಬೀದರಿಗೂ ಮಾತಾಡಬಹುದು, ಟವರ್ ಇಲ್ಲದಿದ್ದರೆ ಪಕ್ಕದ ಕೋಣೆಗೂ ಆಗದು.

ಎರಡನೆಯದು ಸಿಮ್ ಇಲ್ಲದ ಅಪ್ಪಟ ವಾಕಿಟಾಕಿ. ಇದಕ್ಕೆ ಟವರ್ ಬೇಡ, ರೀಚಾರ್ಜ್ ಬೇಡ, ತಿಂಗಳ ಬಿಲ್ಲೂ ಇಲ್ಲ. ಸೆಟ್‌ನಿಂದ ಸೆಟ್‌ಗೆ ನೇರ ಮಾತು. ಆದರೆ ದೂರಕ್ಕೆ ಮಿತಿಯುಂಟು. ಮೂರನೆಯದು ಎರಡೂ ಇರುವ ಸಾಧನ: ಸಿಮ್ಮೂ ಹಾಕಬಹುದು, ನೇರ ರೇಡಿಯೊವೂ ಇದೆ.

ಪರೀಕ್ಷೆ ಸರಳ. ಸಿಮ್ ತೆಗೆದು, ವೈಫೈ ಆರಿಸಿ ಗುಂಡಿ ಒತ್ತಿ ನೋಡಬೇಕು. ಆಗಲೂ ಎದುರಿನ ಸೆಟ್‌ನಲ್ಲಿ ಮಾತು ಕೇಳಿಸಿದರೆ ಅದರಲ್ಲಿ ರೇಡಿಯೊ ಇದೆ ಎಂದರ್ಥ. ಇದನ್ನು ತಿಳಿಯದೆ ಕೊಂಡವರು ಚಾರ್ಮಾಡಿ ಘಾಟಿಯ ನಡುವೆ ನಿಂತು, ಟವರ್ ಇಲ್ಲದ ಕಡೆ ಸಿಮ್ ಸೆಟ್‌ನ ಗುಂಡಿ ಒತ್ತುತ್ತಾ ಕೂರಬೇಕಾಗುತ್ತದೆ.

ಹಂತ 2: ಸಿಮ್ ಸೆಟ್ ಸಿದ್ಧಪಡಿಸುವುದು

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಸಿಮ್ ಹಾಕಿ, ಮೆನುವಿನಲ್ಲಿ ಮೊಬೈಲ್ ಡೇಟಾ ಆನ್ ಆಗಿದೆಯೇ ನೋಡಿಕೊಳ್ಳಬೇಕು. ಸಾದಾ ಕರೆ ಹೋಗುತ್ತಿದ್ದರೂ ಡೇಟಾ ಮುಗಿದಿದ್ದರೆ ಪಿಟಿಟಿ ನಡೆಯದು. ಜೊತೆಗೆ ಸೆಟ್ ಮಾರಿದವರು ಅಥವಾ ಸೇವೆ ಕೊಡುವವರು ಖಾತೆ ತೆರೆದುಕೊಟ್ಟಿರಬೇಕು. ಯಾವ ಸೆಟ್ ಯಾವ ಗುಂಪಿಗೆ ಸೇರಿದ್ದು ಎಂಬುದು ಅಲ್ಲಿ ನಿರ್ಧಾರವಾಗುತ್ತದೆ.

ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ಚಿಹ್ನೆ ಇರುತ್ತದೆ. ಆ ವ್ಯಕ್ತಿ ಮಾತಿಗೆ ಸಿಗುತ್ತಾರೋ, ‘ತೊಂದರೆ ಕೊಡಬೇಡಿ’ ಎಂದು ಹಾಕಿಕೊಂಡಿದ್ದಾರೋ, ಸಂಪರ್ಕದಲ್ಲೇ ಇಲ್ಲವೋ ಎಂಬುದನ್ನು ಅದು ತಿಳಿಸುತ್ತದೆ. ಕರೆ ಮಾಡುವ ಮೊದಲೇ ಎದುರಿನವರ ಸ್ಥಿತಿ ಗೊತ್ತಾಗುವುದು ಸಾದಾ ಫೋನಿನಲ್ಲಿ ಇಲ್ಲದ ಅನುಕೂಲ.

ಪಿಟಿಟಿ ಗುಂಡಿ ಸಾಮಾನ್ಯವಾಗಿ ಸೆಟ್‌ನ ಎಡ ಪಕ್ಕದಲ್ಲಿರುತ್ತದೆ. ಉಳಿದವಕ್ಕಿಂತ ದೊಡ್ಡದು, ಮೇಲ್ಮೈ ತರಿತರಿ. ಕಣ್ಣು ಮಂಜಾದವರು ಅದನ್ನು ಬೆರಳಿನಿಂದಲೇ ಗುರುತಿಸುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ವಾಲ್ಯೂಮ್ ಗುಂಡಿಯೂ ಅಲ್ಲೇ ಇದ್ದರೆ ಪಿಟಿಟಿ ಗುಂಡಿಯ ಮೇಲೆ ಬಣ್ಣದ ಟೇಪಿನ ಚೂರು ಅಂಟಿಸಬಹುದು.

ಹಂತ 3: ವಾಕಿಟಾಕಿ ಸಿದ್ಧಪಡಿಸುವುದು

ಮೊದಲ ನಿಯಮ: ಆಂಟೆನಾ ತಿರುಗಿಸಿ ಬಿಗಿ ಮಾಡುವವರೆಗೆ ಪಿಟಿಟಿ ಗುಂಡಿ ಮುಟ್ಟಬಾರದು. ಆಂಟೆನಾ ಇಲ್ಲದೆ ಪ್ರಸಾರ ಮಾಡಿದರೆ ಒಳಗಿನ ಟ್ರಾನ್ಸ್‌ಮಿಟರ್ ಕೆಡಬಹುದು.

ಮೇಲಿನ ತಿರುಗುಣಿ ಆನ್ ಮಾಡಿ ಎಲ್ಲ ಸೆಟ್‌ಗಳನ್ನೂ ಒಂದೇ ಚಾನೆಲ್‌ಗೆ ತರಬೇಕು. ಒಂದರಲ್ಲಿ 3, ಇನ್ನೊಂದರಲ್ಲಿ 4 ಇದ್ದರೆ ಎಷ್ಟು ಕೂಗಿದರೂ ಕೇಳಿಸದು. ಚಾನೆಲ್ ಜೊತೆಗೆ ಉಪಸಂಕೇತವೂ ಇರುವ ಸೆಟ್‌ಗಳಲ್ಲಿ ಅದೂ ಒಂದೇ ಆಗಿರಬೇಕು. ಕೆಲವು ಡಬ್ಬಿಗಳ ಮೇಲೆ ಇದನ್ನು ‘ಪ್ರೈವಸಿ ಕೋಡ್’ ಎಂದು ಬರೆದಿರುತ್ತಾರೆ, ಆ ಹೆಸರನ್ನು ನಂಬಬಾರದು. ಬೇರೆಯವರ ಮಾತು ನಮ್ಮ ಸೆಟ್‌ನಲ್ಲಿ ಕೇಳದಂತೆ ಅದು ತಡೆಯುತ್ತದೆ ಅಷ್ಟೆ. ನಮ್ಮ ಮಾತನ್ನು ಅದೇ ಚಾನೆಲ್‌ನಲ್ಲಿರುವ ಇನ್ನೊಬ್ಬರು ಕೇಳಬಲ್ಲರು. ಬ್ಯಾಂಕಿನ ವಿವರ, ಒಟಿಪಿ, ಬೀರುವಿನ ಕೀಲಿ ಇಟ್ಟ ಜಾಗ ಇವನ್ನೆಲ್ಲ ಸೆಟ್‌ನಲ್ಲಿ ಹೇಳುವುದು ಸಲ್ಲದು.

ಹಂತ 4: ಒತ್ತಿ, ತಡೆದು, ಮಾತಾಡಿ, ಬಿಡಿ

ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ಇಲ್ಲಿ ಒಮ್ಮೆಗೆ ಒಬ್ಬರೇ. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ನಾವು ಹೇಳುವವರು, ಕೇಳುವವರಲ್ಲ. ಹೊಸಬರು ಎಡವುವುದೇ ಇಲ್ಲಿ: ಮಾತು ಮುಗಿದರೂ ಗುಂಡಿ ಬಿಡದೆ, ‘ಉತ್ತರವೇ ಬರುತ್ತಿಲ್ಲ’ ಎಂದು ಗೊಣಗುತ್ತಾರೆ.

ಕ್ರಮ ಹೀಗಿರಲಿ. ಸೆಟ್ಟನ್ನು ನೆಟ್ಟಗೆ, ಬಾಯಿಂದ ನಾಲ್ಕೈದು ಬೆರಳು ದೂರದಲ್ಲಿ ಹಿಡಿಯಿರಿ. ಗುಂಡಿ ಒತ್ತಿ ಹಿಡಿಯಿರಿ. ಬೀಪ್ ಸದ್ದು ಬರುವ ಸೆಟ್ ಆದರೆ ಅದನ್ನು ಕೇಳಿಸಿಕೊಳ್ಳಿ, ಬಾರದಿದ್ದರೆ ಒಂದು ಸೆಕೆಂಡ್ ತಡೆಯಿರಿ. ನಂತರ ಸಹಜ ದನಿಯಲ್ಲಿ ಮಾತಾಡಿ. ಕೊನೆಯ ಅಕ್ಷರ ಮುಗಿದು ಅರೆಕ್ಷಣ ಆದ ಮೇಲೆ ಗುಂಡಿ ಬಿಡಿ.

ಈ ಅರೆಕ್ಷಣವನ್ನು ಕನ್ನಡದಲ್ಲಿ ಮಾತಾಡುವವರು ಮರೆಯಲೇಬಾರದು. ‘ಬೇಡ’, ‘ಇಲ್ಲ’, ‘ಬಾರದು’ ಎಲ್ಲವೂ ನಮ್ಮಲ್ಲಿ ಮಾತಿನ ತುದಿಗೆ ಬರುತ್ತವೆ. "ಗಾಡಿ ಒಳಗೆ ಬಿಡಬೇಡಿ" ಎನ್ನುವಾಗ ಗುಂಡಿಯನ್ನು ಅವಸರದಲ್ಲಿ ಬಿಟ್ಟರೆ ಗೇಟಿನವನಿಗೆ "ಗಾಡಿ ಒಳಗೆ ಬಿಡ..." ಎಂದಷ್ಟೇ ಕೇಳಿಸುತ್ತದೆ. ಗಾಡಿ ಒಳಗೆ ಬಂದೇ ಬಿಡುತ್ತದೆ. ಆದ್ದರಿಂದ ತಡೆಯುವ ಸೂಚನೆಗಳನ್ನು "ಬೇಡ, ಬೇಡ. ಗಾಡಿ ಒಳಗೆ ಬಿಡಬೇಡಿ" ಎಂದು ಮೊದಲಿಗೇ ಹೇಳುವುದು ಕ್ಷೇಮ.

ಸಿಮ್ ಸೆಟ್‌ನಲ್ಲಿ ಇನ್ನೊಬ್ಬರು ಮಾತಾಡುತ್ತಿರುವಾಗ ಒತ್ತಿದರೆ ಬೇರೆ ಬಗೆಯ ಒರಟು ಸದ್ದು ಬರುತ್ತದೆ. ‘ಸರದಿ ಸಿಗಲಿಲ್ಲ’ ಎಂದು ಅದರ ಅರ್ಥ. ವಾಕಿಟಾಕಿಯಲ್ಲಿ ಆ ಕಾವಲು ಸಾಮಾನ್ಯವಾಗಿ ಇರುವುದಿಲ್ಲ. ಇಬ್ಬರು ಒಟ್ಟಿಗೆ ಒತ್ತಿದರೆ ಉಳಿದವರಿಗೆ ಕಿರಿಕಿರಿ ಸದ್ದಷ್ಟೇ ಕೇಳಿಸಿ ಇಬ್ಬರ ಮಾತೂ ಹಾಳಾಗಬಹುದು. ಒತ್ತುವ ಮೊದಲು ಚಾನೆಲ್ ಖಾಲಿ ಇದೆಯೇ ಎಂದು ಕಿವಿಗೊಡಬೇಕು.

ಹಂತ 5: ಹೇಳುವ ಕ್ರಮ

ಮೊದಲು ಕೇಳುವವರ ಹೆಸರು, ನಂತರ ಹೇಳುವವರ ಹೆಸರು, ಆಮೇಲೆ ವಿಷಯ. "ಪಾರ್ಕಿಂಗ್, ಪಾರ್ಕಿಂಗ್, ಇದು ಗೇಟ್." ತನ್ನ ಹೆಸರು ಕೇಳಿದವರು ಕಿವಿ ನಿಮಿರಿಸುತ್ತಾರೆ, ಉಳಿದವರು ತಮ್ಮ ಕೆಲಸ ಮುಂದುವರಿಸುತ್ತಾರೆ. ಜಾತ್ರೆ, ಮದುವೆಗಳಲ್ಲಿ ಜನರ ಹೆಸರಿಗಿಂತ ಜಾಗದ ಹೆಸರು ಉಪಯೋಗಕ್ಕೆ ಬರುತ್ತದೆ. ಪಾಳಿ ಬದಲಾಗಿ ಬೇರೆಯವರು ಬಂದರೂ ‘ಗೇಟ್’ ಗೇಟೇ.

ಮಾತು ಮುಗಿದು ಉತ್ತರ ಬೇಕಿದ್ದರೆ ‘ಓವರ್’. ಸಂಭಾಷಣೆಯೇ ಮುಗಿದರೆ ‘ಔಟ್’. ಕೇಳಿಸಿತು ಎನ್ನಲು ‘ಕಾಪಿ’ ಅಥವಾ ‘ರೋಜರ್’. ಸಿನಿಮಾದಲ್ಲಿ ಕೇಳುವ ‘ಓವರ್ ಅಂಡ್ ಔಟ್’ ತಪ್ಪು ಪ್ರಯೋಗ. ಉತ್ತರ ಬೇಕು ಎನ್ನುವುದೂ ಮಾತು ಮುಗಿಯಿತು ಎನ್ನುವುದೂ ಒಟ್ಟಿಗೆ ಆಗುವುದಿಲ್ಲ.

ಸಂಖ್ಯೆಗಳನ್ನು ಬಿಡಿಸಿ ಹೇಳಬೇಕು. ಹದಿನಾರು, ಹದಿನಾಲ್ಕು ಎರಡೂ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ‘ಒಂದು, ಆರು’ ಎಂದರೆ ಗೊಂದಲವಿಲ್ಲ. ಕೇಳಿದವರು ಅದನ್ನು ಮರಳಿ ಹೇಳಿದರೆ ಇನ್ನೂ ಒಳ್ಳೆಯದು. ಬಹುತೇಕ ಸೆಟ್‌ಗಳಲ್ಲಿ ತುಂಬಾ ಹೊತ್ತು ಒತ್ತಿ ಹಿಡಿದರೆ ತಾನಾಗಿಯೇ ಪ್ರಸಾರ ನಿಲ್ಲಿಸುವ ವ್ಯವಸ್ಥೆಯೂ ಇರುತ್ತದೆ, ಹಾಗಾಗಿ ಉದ್ದ ಪುರಾಣ ಬೇಡ.

ಪಿಟಿಟಿ ಸೆಟ್ ರಿಂಗ್ ಆಗುವುದಿಲ್ಲ, ಮಾತು ಸೀದಾ ಸ್ಪೀಕರ್‌ನಿಂದ ಹೊರಬರುತ್ತದೆ. ಅತಿಥಿಗಳ ಮುಂದೆ, ಆಸ್ಪತ್ರೆಯಲ್ಲಿ, ದೇವರ ಮುಂದೆ ನಿಂತಿರುವಾಗ "ಪಲ್ಯ ಖಾಲಿ" ಎಂದು ಸೊಂಟ ಕೂಗಿದರೆ ಮುಜುಗರ. ಅಂಥ ಕಡೆ ಇಯರ್‌ಪೀಸ್ ಇರಲಿ.

ಹಂತ 6: ಮನೆಯಲ್ಲೇ ಅಭ್ಯಾಸ

ಒಬ್ಬರು ಜಗಲಿಯಲ್ಲಿ, ಇನ್ನೊಬ್ಬರು ಹಿತ್ತಿಲಲ್ಲಿ ನಿಂತು ಶುರುಮಾಡಲಿ. ಎರಡು ಸೆಟ್ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದರೆ ಒಂದರ ಸ್ಪೀಕರ್ ಸದ್ದು ಇನ್ನೊಂದರ ಮೈಕಿಗೆ ಹೊಕ್ಕು ಕೀರಲು ದನಿ ಏಳುತ್ತದೆ. ಅದನ್ನು ಕೇಳಿ ಸೆಟ್ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಬಳಿಕ ಒಬ್ಬರು ಬೀದಿಯ ತುದಿಗೆ, ಅಲ್ಲಿಂದ ಮುಂದಕ್ಕೆ ನಡೆಯುತ್ತಾ ಎಲ್ಲಿಯವರೆಗೆ ಮಾತು ಸ್ಪಷ್ಟ ಎಂದು ಗುರುತು ಹಾಕಿಕೊಳ್ಳಬೇಕು.

ಡಬ್ಬಿಯ ಮೇಲೆ ಬರೆದ ಕಿಲೊಮೀಟರ್ ಬಯಲಿನ ಲೆಕ್ಕ. ವಾಕಿಟಾಕಿಯ ತರಂಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ. ಗುಡ್ಡ, ಕಾಂಕ್ರೀಟ್ ಗೋಡೆ, ನೆಲಮಾಳಿಗೆ, ಮಳೆಯಲ್ಲಿ ನೆಂದ ದಟ್ಟ ಮರಗಳು ಅದನ್ನು ತಡೆಯುತ್ತವೆ. ಹಾಗಾಗಿ ಕೊಡಗಿನ ಕಾಫಿ ತೋಟದಲ್ಲಿ ಬೇಸಿಗೆಯಲ್ಲಿ ಸಿಕ್ಕ ದೂರ ಜೂನ್ ತಿಂಗಳಲ್ಲಿ ಸಿಗದಿರಬಹುದು. ಮಾತು ಒಡೆಯುತ್ತಿದ್ದರೆ ದನಿ ಏರಿಸುವುದಕ್ಕಿಂತ ನಾಲ್ಕು ಹೆಜ್ಜೆ ಎತ್ತರಕ್ಕೆ ಹತ್ತುವುದು ಫಲ ಕೊಡುತ್ತದೆ.

ಕಾನೂನು ಏನು ಹೇಳುತ್ತದೆ?

ಅನುಮತಿಯಿಲ್ಲದೆ ವೈರ್‌ಲೆಸ್ ಸಾಧನ ಇಟ್ಟುಕೊಳ್ಳುವುದನ್ನು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯೇ ನಿಷೇಧಿಸಿತ್ತು. ಅದರ ಜಾಗಕ್ಕೆ ಬಂದ 2023ರ ದೂರಸಂಪರ್ಕ ಕಾಯ್ದೆಯಲ್ಲೂ ರೇಡಿಯೊ ಸಾಧನಕ್ಕೆ ಸರ್ಕಾರದ ಅನುಮತಿ ಬೇಕೆಂಬ ತತ್ವ ಉಳಿದಿದೆ. ಆದರೆ ಕಡಿಮೆ ಶಕ್ತಿಯ ಸಾಧನಗಳಿಗೆ ವಿನಾಯಿತಿ ಇದೆ. 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಮುಕ್ತಗೊಳಿಸಿದರು. 2021ರಲ್ಲಿ ಅದು 868ರವರೆಗೆ ವಿಸ್ತರಿಸಿತು. ಟ್ರಾನ್ಸ್‌ಮಿಟರ್ ಶಕ್ತಿ 1 ವ್ಯಾಟ್ ಮೀರಬಾರದು. ಸಾಧನಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಅನುಮೋದನೆ ಇರಬೇಕು.

ಈ ಮಾತು ವಿದೇಶದಿಂದ ಬರುವವರಿಗೆ ಇನ್ನೂ ಮುಖ್ಯ. ಅಮೆರಿಕದಲ್ಲಿ ಅಂಗಡಿಯಲ್ಲಿ ಜೋಡಿಯಾಗಿ ಸಿಗುವ ‘ಎಫ್‌ಆರ್‌ಎಸ್’ ಸೆಟ್‌ಗಳು 462 ಮತ್ತು 467 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತವೆ, ಯುರೋಪಿನ ‘ಪಿಎಂಆರ್’ ಸೆಟ್‌ಗಳು 446ರಲ್ಲಿ. ಅಲ್ಲಿ ಇವಕ್ಕೆ ಲೈಸೆನ್ಸ್ ಬೇಡ. ಭಾರತದಲ್ಲಿ 446ರ ಪಟ್ಟಿಯ ಕಡಿಮೆ ಶಕ್ತಿಯ ಸೆಟ್‌ಗಳಿಗೆ ವಿನಾಯಿತಿ ಇದ್ದರೂ ಎಫ್‌ಆರ್‌ಎಸ್ ಪಟ್ಟಿಗಳು ಮುಕ್ತವಲ್ಲ. ಮಗ ಅಮೆರಿಕದಿಂದ ತಂದ ಜೋಡಿ ಸೆಟ್ ಅಡಿಕೆ ತೋಟದಲ್ಲಿ ಚೆನ್ನಾಗಿಯೇ ಕೆಲಸ ಮಾಡಬಹುದು, ಕಾನೂನು ಮಾತ್ರ ಅದನ್ನು ಒಪ್ಪುವುದಿಲ್ಲ.

ಆನ್‌ಲೈನ್ ಖರೀದಿಯಲ್ಲೂ ಎಚ್ಚರ ಬೇಕು. ತರಂಗಾಂತರದ ವಿವರವನ್ನೂ ಅನುಮೋದನೆಯ ಮಾಹಿತಿಯನ್ನೂ ಕೊಡದೆ ವಾಕಿಟಾಕಿ ಮಾರುತ್ತಿದ್ದಾರೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಹಲವು ಇ–ವಾಣಿಜ್ಯ ತಾಣಗಳಿಗೆ ನೋಟಿಸ್ ಕೊಟ್ಟಿತು. ಅದೇ ತಿಂಗಳು ಇಂಥ ಮಾರಾಟಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಸಿಮ್ ಮೂಲಕ ಮಾತ್ರ ನಡೆಯುವ ಪಿಟಿಟಿ ಫೋನಿಗೆ ಬಳಸುವವರು ಪ್ರತ್ಯೇಕ ರೇಡಿಯೊ ಲೈಸೆನ್ಸ್ ಪಡೆಯಬೇಕಿಲ್ಲ, ಅದು ಮೊಬೈಲ್ ಕಂಪನಿಯ ತರಂಗದಲ್ಲೇ ಓಡುತ್ತದೆ.

ವಾಹನ ಓಡಿಸುತ್ತಾ ಕೈಯಲ್ಲಿ ಸಂಪರ್ಕ ಸಾಧನ ಹಿಡಿದು ಮಾತಾಡುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಪಿಟಿಟಿ ಸೆಟ್ಟೂ ಕೈಯಲ್ಲಿ ಹಿಡಿಯುವ ಸಾಧನವೇ.

ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಅಂಗಡಿಯವರಿಗೆ ಕೇಳಿ: ಇದು ಸಿಮ್‌ನಲ್ಲಿ ನಡೆಯುತ್ತದೆಯೋ, ರೇಡಿಯೊದಲ್ಲೋ? ರೇಡಿಯೊ ಆದರೆ ತರಂಗಾಂತರ ಎಷ್ಟು? ಇಟಿಎ ದಾಖಲೆ ಇದೆಯೇ? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮನೆಯ ಹಿರಿಯರಿಗೆ ಸೆಟ್ ಕೊಡುವಾಗ ಇನ್ನೊಂದು ಮಾತನ್ನೂ ತಪ್ಪದೆ ತಿಳಿಸಿ: ಪಿಟಿಟಿ ಗುಂಡಿ ತಲುಪುವುದು ಗುಂಪಿನ ಸೆಟ್‌ಗಳನ್ನು ಮಾತ್ರ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ದಳ ಬೇಕಾದರೆ ಸಾದಾ ಕರೆಯಂತೆ 112ಕ್ಕೇ ಡಯಲ್ ಮಾಡಬೇಕು.