ಜಿರಾಫೆಯ ಬೇಟೆಯೂ ಅದರ ತೊಗಲಿನ ಉಪಯೋಗವೂ

ಭೂಮಿಯ ಮೇಲೆ ನಡೆದಾಡುವ ಪ್ರಾಣಿಗಳಲ್ಲೆಲ್ಲಾ ಅತ್ಯಂತ ಎತ್ತರವಾದುದು ಜಿರಾಫೆ. ಆಫ್ರಿಕಾ ಖಂಡದಲ್ಲಿ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಮುಳ್ಳುಗಾಡುಗಳೂ ಹುಲ್ಲುಬಯಲುಗಳೂ ಇದರ ವಾಸಸ್ಥಾನ. ಬೆಳೆದ ಗಂಡು ಸುಮಾರು 18 ಅಡಿ ಎತ್ತರವಾಗುವುದುಂಟು. ಹುಟ್ಟಿದ ಮರಿಯೇ 6 ಅಡಿಯಷ್ಟಿರುವುದು. ಒಂಟೆಯ ಆಕಾರವೂ ಚಿರತೆಯ ಮಚ್ಚೆಯೂ ಇದರಲ್ಲಿ ಕೂಡಿದಂತೆ ತೋರಿದುದರಿಂದ ಪ್ರಾಚೀನ ಗ್ರೀಕರೂ ರೋಮನರೂ ಇದನ್ನು ‘ಒಂಟೆಚಿರತೆ’ ಎಂಬರ್ಥದ ಹೆಸರಿನಿಂದ ಕರೆದರು. ಮೈಸೂರಿನ ಮೃಗಾಲಯದಲ್ಲಿ ಇದನ್ನು ನೋಡಿದ ಮಕ್ಕಳು ಅದರ ಕೊರಳಿನ ಉದ್ದಕ್ಕೆ ಬೆರಗಾಗುವರೇ ಹೊರತು ಅದರ ತೊಗಲನ್ನು ಕುರಿತು ಆಲೋಚಿಸುವುದಿಲ್ಲ. ಆದರೆ ಈ ಸಾಧುಪ್ರಾಣಿಯನ್ನು ಬದುಕಿನಲ್ಲಿ ಕಾಯುವುದು ಯಾವ ತೊಗಲೋ, ಅನೇಕ ವೇಳೆ ಅದರ ಮರಣಕ್ಕೆ ಕಾರಣವಾದುದೂ ಅದೇ ತೊಗಲು. ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

1. ತೊಗಲಿನ ಸ್ವಭಾವ

ಜಿರಾಫೆಯು ಜಾಲಿಯ ಜಾತಿಗೆ ಸೇರಿದ ಮುಳ್ಳುಮರಗಳ ಎಲೆಗಳನ್ನು ತನ್ನ ಒಂದೂವರೆ ಅಡಿಯ ನಾಲಗೆಯಿಂದ ಸೆಳೆದು ತಿನ್ನುವುದು. ಹಗಲಿನ ಬಹುಭಾಗವನ್ನು ಮುಳ್ಳುಗಳ ನಡುವೆ ಕಳೆಯುವ ಮೃಗಕ್ಕೆ ತೆಳ್ಳನೆಯ ಚರ್ಮವು ಸಾಲದು. ಇದಲ್ಲದೆ ಗಂಡುಗಳು ಒಂದರೊಡನೊಂದು ಕಾದುವಾಗ ಕೊರಳನ್ನು ಬೀಸಿ ತಲೆಯಿಂದ ಬಲವಾಗಿ ಹೊಡೆಯುತ್ತವೆ. ಆದುದರಿಂದ ದೊಡ್ಡ ಗಂಡಿನ ಮೈಯ ಕೆಲವೆಡೆಗಳಲ್ಲಿ ತೊಗಲು ಅರ್ಧ ಅಂಗುಲಕ್ಕೂ ಮಿಕ್ಕು ದಪ್ಪವಾಗಿರುವುದು.

ಕಾಲುಗಳ ತೊಗಲಿಗೆ ಮತ್ತೊಂದು ಕೆಲಸವುಂಟು. ಎದೆಯಿಂದ ಅಷ್ಟು ಎತ್ತರದಲ್ಲಿರುವ ತಲೆಗೆ ರಕ್ತವನ್ನು ಏರಿಸಬೇಕಾದುದರಿಂದ ಜಿರಾಫೆಯ ರಕ್ತದ ಒತ್ತಡವು ಮನುಷ್ಯನದಕ್ಕಿಂತ ಸುಮಾರು ಎರಡರಷ್ಟು. ಇಷ್ಟು ಒತ್ತಡವಿರುವಾಗ ಉದ್ದವಾದ ಕಾಲುಗಳಲ್ಲಿ ನೀರಿಳಿದು ಬಾವು ಬರಬೇಕಾಗಿತ್ತು. ಹಾಗಾಗದಂತೆ ಅಲ್ಲಿಯ ತೊಗಲು ಬಿಗಿಯಾದ ಕಾಲುಚೀಲದಂತೆ ಮಾಂಸವನ್ನು ಅಮುಕಿ ಹಿಡಿದಿರುವುದು. ಹೀಗೆ ತೊಗಲು ಕೇವಲ ಹೊದಿಕೆಯಲ್ಲ, ದೇಹವ್ಯಾಪಾರದಲ್ಲಿ ಸೇರಿದ ಒಂದು ಅಂಗವೇ ಆಗಿದೆ.

2. ಬೇಟೆಯ ಕ್ರಮಗಳು

ಕಲಹರಿಯ ಬಯಲುಗಳ ಸಾನ್ ಜನರು ಸಣ್ಣ ಬಿಲ್ಲನ್ನೂ ಹಗುರವಾದ ಬಾಣವನ್ನೂ ಹಿಡಿದು ಈ ಮಹಾಮೃಗವನ್ನು ಬೇಟೆಯಾಡುತ್ತಿದ್ದರು. ಆ ಬಾಣದ ಶಕ್ತಿಯೆಲ್ಲ ವಿಷದಲ್ಲಿದೆ. ನೆಲದೊಳಗಿನಿಂದ ಅಗೆದು ತೆಗೆದ ಒಂದು ಜಾತಿಯ ಜೀರುಂಡೆಯ ಮರಿಹುಳುವಿನ ರಸವನ್ನು ಅವರು ಬಾಣದ ಮೊನೆಗೆ ಹಚ್ಚದೆ, ಮೊನೆಯ ಹಿಂದಿನ ಕಡ್ಡಿಗೆ ಹಚ್ಚುವರು. ಕೈ ತಪ್ಪಿ ಮೊನೆ ತಾಗಿದರೂ ಬೇಟೆಗಾರನಿಗೆ ಅಪಾಯವಾಗಬಾರದೆಂಬುದೇ ಇದರ ಉದ್ದೇಶ. ವಿಷವು ಮೆಲ್ಲಮೆಲ್ಲನೆ ರಕ್ತದಲ್ಲಿ ವ್ಯಾಪಿಸುವುದರಿಂದ ಗಾಯಗೊಂಡ ಜಿರಾಫೆಯನ್ನು ಹೆಜ್ಜೆಯ ಗುರುತು ಹಿಡಿದು ದಿನಗಟ್ಟಲೆ ಹಿಂಬಾಲಿಸಬೇಕು. ಜಾನ್ ಮಾರ್ಷಲ್ ಎಂಬವರು 1957ರಲ್ಲಿ ಪ್ರಕಟಿಸಿದ ‘ದಿ ಹಂಟರ್ಸ್’ ಎಂಬ ಚಲನಚಿತ್ರದಲ್ಲಿ ನಾಲ್ವರು ಬೇಟೆಗಾರರ ಇಂಥ ಅನುಸರಣೆಯನ್ನು ಕಾಣಬಹುದು. ಕೊನೆಗೆ ದೊರೆತ ಮಾಂಸವು ಬಂಧುಬಳಗಕ್ಕೆಲ್ಲ ಕ್ರಮವರಿತು ಹಂಚಿಕೆಯಾಗುವುದು.

ಸೂಡಾನ್ ದೇಶದಲ್ಲಿ ಬಗ್ಗಾರ ಅರಬರು ಕುದುರೆಯೇರಿ ಅಗಲವಾದ ಅಲಗಿನ ಈಟಿಗಳಿಂದ ಜಿರಾಫೆಯನ್ನು ಹೊಡೆಯುತ್ತಿದ್ದರು. ಇದು ಸುಲಭದ ಕಾರ್ಯವಲ್ಲ. ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚಿನ ವೇಗದಿಂದ ಓಡಬಲ್ಲ ಆ ಪ್ರಾಣಿಯನ್ನು ಮುಟ್ಟಲು ಉತ್ತಮವಾದ ಕುದುರೆ ಬೇಕು. ಸಿಂಹವನ್ನೇ ಕೊಲ್ಲಬಲ್ಲ ಅದರ ಒದೆತದಿಂದ ತಪ್ಪಿಸಿಕೊಳ್ಳಲು ಎಚ್ಚರವೂ ಬೇಕು.

ಐರೋಪ್ಯರು ಕೋವಿಯೊಂದಿಗೆ ಬಂದಮೇಲೆ ಬೇಟೆಯ ಸ್ವರೂಪವೇ ಬದಲಾಯಿತು. ಬೊಂಬಾಯಿ ಸೈನ್ಯದಲ್ಲಿ ಇಂಜಿನಿಯರಾಗಿದ್ದ ವಿಲಿಯಂ ಕಾರ್ನ್‌ವಾಲಿಸ್ ಹ್ಯಾರಿಸ್ ಎಂಬಾತನು ಆರೋಗ್ಯಕ್ಕಾಗಿ ರಜೆ ಪಡೆದು ದಕ್ಷಿಣ ಆಫ್ರಿಕಾಕ್ಕೆ ಹೋಗಿ, 1836ರಲ್ಲಿ ಒಳನಾಡಿಗೆ ಬೇಟೆಗೆ ತೆರಳಿದನು. ಆತನ ವೃತ್ತಾಂತವು 1838ರಲ್ಲಿ ಬೊಂಬಾಯಿಯಲ್ಲಿಯೇ ಮೊದಲು ಅಚ್ಚಾಯಿತು. ಬೆನ್ನಟ್ಟಿ ಹಿಡಿದ ಜಿರಾಫೆಯು ಗುಂಡಿನ ಮೇಲೆ ಗುಂಡು ತಗಲಿದರೂ ಸದ್ದಿಲ್ಲದೆ ನಿಂತಿತೆಂದೂ, ಅದರ ಕಪ್ಪು ಕಣ್ಣುಗಳಿಂದ ನೀರಿಳಿಯಿತೆಂದೂ, 17ನೆಯ ಗುಂಡಿಗೆ ಅದು ನೆಲಕ್ಕುರುಳಿತೆಂದೂ ಆತನೇ ಬರೆದಿರುವನು. ಹಸಿವಿಗಾಗಿಯಲ್ಲ, ಎತ್ತರವಾದುದನ್ನು ಕೆಡವಿದೆನೆಂಬ ಹೆಮ್ಮೆಗಾಗಿ ನಡೆದ ಬೇಟೆಯಿದು. ಓದುವವರ ಮನಸ್ಸಿಗೆ ಜಯಕ್ಕಿಂತ ಆ ಕಣ್ಣೀರೇ ಹೆಚ್ಚಾಗಿ ನಾಟುವುದು.

3. ತೊಗಲಿನಿಂದಾಗುವ ಪದಾರ್ಥಗಳು

ಹಸಿಯ ತೊಗಲು ಒದ್ದೆಯಾಗಿರುವಾಗ ಬೇಕಾದ ಆಕಾರಕ್ಕೆ ಬಗ್ಗುವುದು. ಒಣಗಿದ ಮೇಲೆ ಅದರೊಳಗಿನ ಹೆಣೆದ ನಾರುಗಳು ಬಿಗಿದುಕೊಂಡು ಅದೇ ಆಕಾರದಲ್ಲಿ ಮರದಂತೆ ಗಟ್ಟಿಯಾಗುವುದು. ಹದಮಾಡದ ದಪ್ಪ ತೊಗಲಿನ ಎಲ್ಲ ಕೆಲಸಕ್ಕೂ ಈ ಒಂದು ಗುಣವೇ ಆಧಾರ. 1861ರಲ್ಲಿ ನೈಲ್ ನದಿಯ ಉಪನದಿಗಳ ಪ್ರಾಂತದಲ್ಲಿ ಸಂಚರಿಸಿದ ಸ್ಯಾಮ್ಯುಯೆಲ್ ಬೇಕರ್ ಎಂಬಾತನು ಅಲ್ಲಿಯ ಅರಬರು ಗುರಾಣಿಗಳಿಗೆ ಜಿರಾಫೆಯ ತೊಗಲನ್ನು ಬಳಸುತ್ತಿದ್ದುದನ್ನು ಬರೆದಿರುವನು. ಅದು ಗಟ್ಟಿಯಾಗಿದ್ದೂ ಹಗುರವಾಗಿರುವುದು. ಕುದುರೆಯ ಸವಾರನಿಗೆ ಬೇಕಾದುದು ಇದೇ ತಾನೆ?

ಇದಕ್ಕಿಂತಲೂ ಶ್ಲಾಘ್ಯವಾದ ಉಪಯೋಗವು ಇಥಿಯೋಪಿಯದ ದಕ್ಷಿಣಕ್ಕೂ ಕೀನ್ಯದ ಉತ್ತರಕ್ಕೂ ಹಬ್ಬಿರುವ ಬೊರಾನ ಎಂಬ ದನಗಾಹಿಗಳಲ್ಲಿದೆ. ಆ ಒಣನಾಡಿನಲ್ಲಿ ಬಾವಿಗಳು ಬಹಳ ಆಳ. ಗಂಡಸರು ಬಾವಿಯ ಗೋಡೆಯುದ್ದಕ್ಕೂ ಒಬ್ಬರ ಮೇಲೊಬ್ಬರಂತೆ ನಿಂತು, ಹಾಡುತ್ತಾ, ನೀರು ತುಂಬಿದ ಬಕೀಟುಗಳನ್ನು ಕೈಯಿಂದ ಕೈಗೆ ದಾಟಿಸಿ ದನಗಳ ತೊಟ್ಟಿಗೆ ಸುರಿಯುವರು. ‘ಒಕೊಲೆ’ ಎಂಬ ಆ ಬಕೀಟನ್ನು ಜಿರಾಫೆಯ ತೊಗಲಿನಿಂದ ಮಾಡುತ್ತಿದ್ದರು. ಕಲ್ಲಿಗೆ ತಾಗಿದರೂ ಅದು ಒಡೆಯದು, ಕೈಯಿಂದ ಜಾರಿ ಬಿದ್ದರೂ ಸೀಳದು. ನಮ್ಮ ನಾಡಿನ ಕಪಿಲೆ ಬಾವಿಗಳಲ್ಲಿ ಎತ್ತುಗಳು ಎಳೆಯುತ್ತಿದ್ದ ಚರ್ಮದ ಚೀಲವನ್ನು ಕಂಡ ಹಿರಿಯರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುವುದು. ಅಲ್ಲಿ ಈಗ ಪ್ಲಾಸ್ಟಿಕ್ ಡಬ್ಬಗಳೂ ಬಳಕೆಗೆ ಬಂದಿವೆ.

ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಬೋಯರ್ ರೈತರು ಈ ತೊಗಲಿನ ಉದ್ದವಾದ ಪಟ್ಟಿಗಳಿಂದ ಎತ್ತಿನ ಬಂಡಿಗಳ ಚಾವಟಿಗಳನ್ನೂ, ದಪ್ಪನೆಯ ತುಂಡುಗಳಿಂದ ಪಾದರಕ್ಷೆಯ ಅಟ್ಟೆಗಳನ್ನೂ ಮಾಡಿಕೊಂಡರು.

4. ಮಿತಿ ಮೀರಿದುದರ ಫಲ

ಮನೆಯ ಬಳಕೆಗೆ ಬೇಕಾದುದು ಒಂದೆರಡು ತೊಗಲು. ಆದರೆ ಪೇಟೆಗೆ ಬೇಕಾದುದಕ್ಕೆ ಲೆಕ್ಕವಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೊಗಲು ಮಾರಾಟದ ಸರಕಾಯಿತು, ಕೋವಿಯು ಕೊಲ್ಲುವುದನ್ನು ಸುಲಭಗೊಳಿಸಿತು. ಹಿಂದೆ ಹಿಂಡುಹಿಂಡಾಗಿದ್ದ ದಕ್ಷಿಣದ ಅನೇಕ ಪ್ರಾಂತಗಳಲ್ಲಿ ಜಿರಾಫೆಗಳು ಇಲ್ಲವಾದವು. ಅನಂತರ ಕಾಡು ಹೊಲವಾದುದೂ, ಅಂತರ್ಯುದ್ಧಗಳೂ, ಉರುಲು ಹಾಕುವ ಕಳ್ಳಬೇಟೆಯೂ ಇತರ ದೇಶಗಳಲ್ಲಿ ಹಾನಿಯನ್ನು ಹೆಚ್ಚಿಸಿದವು. 1985ರಲ್ಲಿ ಸುಮಾರು 1,55,000 ಇದ್ದ ಜಿರಾಫೆಗಳು 2015ರ ವೇಳೆಗೆ ಸುಮಾರು 97,500ಕ್ಕೆ ಇಳಿದವೆಂದು ತಜ್ಞರು ಎಣಿಸಿ, 2016ರಲ್ಲಿ ಇದನ್ನು ಅಪಾಯಕ್ಕೊಳಗಾದ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿದರು. 2019ರಲ್ಲಿ ಇದರ ತೊಗಲು, ಎಲುಬು ಮೊದಲಾದವುಗಳ ಅಂತರರಾಷ್ಟ್ರೀಯ ವ್ಯಾಪಾರವು ನಿಯಮಗಳಿಗೆ ಒಳಪಟ್ಟಿತು. ಕೀನ್ಯ ದೇಶವು 1977ರಲ್ಲಿಯೇ ಬೇಟೆಯನ್ನು ನಿಷೇಧಿಸಿತ್ತು.

ಆದರೂ ನಿರಾಶರಾಗಬೇಕಾಗಿಲ್ಲ. ನೈಜರ್ ದೇಶದಲ್ಲಿ 1996ರಲ್ಲಿ ಉಳಿದಿದ್ದುವು ಕೇವಲ 49 ಜಿರಾಫೆಗಳು. ಸರಕಾರವೂ ಹಳ್ಳಿಗರೂ ಕೂಡಿ ಅವುಗಳನ್ನು ಕಾಪಾಡಿದುದರಿಂದ ಅವು ಅನಂತರದ ವರ್ಷಗಳಲ್ಲಿ 600ನ್ನು ಮೀರಿದವು. ನಮೀಬಿಯ, ದಕ್ಷಿಣ ಆಫ್ರಿಕಾ ದೇಶಗಳಲ್ಲಿ ಕಾನೂನಿನ ಅಳತೆಗೊಳಪಟ್ಟ ಬೇಟೆಯು ಉಂಟಾದರೂ ಅಲ್ಲಿ ಸಂಖ್ಯೆಯು ಏರಿದೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ಬಾಯಾರಿದ ದನಗಳಿಗೆ ನೀರೆತ್ತಿದ ಬಕೀಟೂ, ದಣಿದ ಎತ್ತಿನ ಬೆನ್ನಿಗೆ ಬಿದ್ದ ಚಾವಟಿಯೂ ಒಂದೇ ತೊಗಲಿನಿಂದ ಆದವು. ತೊಗಲಿನಲ್ಲಿ ಗುಣವೂ ಇಲ್ಲ, ದೋಷವೂ ಇಲ್ಲ. ಅದನ್ನು ಬೇಡುವ ಕೈಯಲ್ಲಿ ಅವೆರಡೂ ಇವೆ. ಮನೆವಾರ್ತೆಯನ್ನು ನಡೆಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳಿಗೆ ಪ್ರಾಣಿಶಾಸ್ತ್ರವನ್ನು ಹೇಳಿಕೊಡುವಾಗ, ಕೊರಳಿನ ಉದ್ದದ ಜೊತೆಗೆ ಈ ಮಾತನ್ನೂ ಹೇಳಿಕೊಟ್ಟರೆ ಪಾಠವು ಪೂರ್ಣವಾಗುವುದು.