ಕೆರೆ ಏರಿಯ ವೀರಗಲ್ಲು ಯಾರ ಮನೆತನದ್ದು?

ಪ್ರಶ್ನೆ: ಕೋಲಾರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಗಂಗರ ಮೊದಲ ರಾಜಧಾನಿ ಯಾವುದೆಂದರೆ ಮಕ್ಕಳು ‘ಕುವಲಾಲ’ ಎಂದು ಕೂಗುತ್ತಾರೆ. ಅದು ತಾವು ಬಸ್ಸಿಳಿಯುವ ಕೋಲಾರವೇ ಎಂದು ಅರ್ಧ ತರಗತಿಗೆ ಗೊತ್ತಿಲ್ಲ. ಹಾಗಾಗಿ ಎಂಟನೆಯ ತರಗತಿಯವರನ್ನು ತಾಲ್ಲೂಕು ಕೇಂದ್ರದ ಇತಿಹಾಸ ಸಂಘಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಹಿರಿಯರೊಬ್ಬರು ಪ್ರೀತಿಯಿಂದಲೇ ಮಾತು ಶುರುಮಾಡಿ ಗಂಗರಿಂದ ಮೈಸೂರು ಒಡೆಯರವರೆಗೆ ಬಂದರು. ಮಕ್ಕಳು ತೂಕಡಿಸಿದರು, ಹಿರಿಯರಿಗೆ ಬೇಸರವಾಯಿತು. ಆಮೇಲೆ, ನಮ್ಮೂರ ಕೆರೆ ಏರಿಯ ಮೇಲಿರುವ ವೀರಗಲ್ಲಿನ ಬಗ್ಗೆ ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದೆ. ಎರಡು ಸಮುದಾಯದ ಮಕ್ಕಳು ಎರಡು ಕಥೆ ತಂದರು. ಆ ವೀರ ತಮ್ಮ ಮನೆತನದವನು ಎಂದು ಇಬ್ಬರದೂ ಹಟ. ಮರುದಿನ ಪೋಷಕರೇ ಶಾಲೆಗೆ ಬಂದರು. ‘ಪಾಠ ಮುಗಿಸಿ, ರಿಸಲ್ಟ್ ಕೊಡಿ, ಇವೆಲ್ಲ ಯಾಕ್ರೀ?’ ಎಂದು ಮುಖ್ಯ ಶಿಕ್ಷಕರು ರೇಗಿದರು. ಇದನ್ನೆಲ್ಲ ಕೈಬಿಡುವುದೇ ಒಳ್ಳೆಯದಾ?
– ಹೆಸರು ಬೇಡ

ಉತ್ತರ: ಬೇಡ ಮೇಷ್ಟ್ರೇ, ಕೈಬಿಡಬೇಡಿ. ನೀವು ಮಾಡಿದ ಕೆಲಸ ಸರಿಯಾಗಿಯೇ ಇದೆ, ಹಿಂದುಮುಂದಾಗಿದೆ ಅಷ್ಟೆ. ಸಂಘದ ಹಿರಿಯರ ಮುಂದೆ ಮಕ್ಕಳು ಕೇಳಲು ಏನೂ ಇಲ್ಲದೆ ಕುಳಿತರು. ಮನೆಯವರನ್ನು ಕೇಳುವಾಗಲೂ ಅವರು ಇನ್ನೂ ಕಲ್ಲನ್ನು ಸರಿಯಾಗಿ ನೋಡಿರಲಿಲ್ಲ. ಮೊದಲು ಕಲ್ಲು, ಆಮೇಲೆ ಪುಸ್ತಕ, ಕೊನೆಗೆ ಜನ. ಈ ಕ್ರಮದಲ್ಲಿ ಇನ್ನೊಮ್ಮೆ ಹೋಗಿ ನೋಡಿ.

ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಇಳಿಬಿಸಿಲಿನಲ್ಲಿ ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ಯಿರಿ. ಓರೆಯಾಗಿ ಬೀಳುವ ಬೆಳಕಿನಲ್ಲಿ ಸವೆದ ಗೆರೆಗಳೂ ಎದ್ದು ಕಾಣುತ್ತವೆ. ಮೋಡವಿದ್ದರೆ ಒಂದು ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದರೆ ಸಾಕು. ಸುಣ್ಣ, ಎಣ್ಣೆ, ತಂತಿ ಬ್ರಷ್ಷು ಯಾವುದೂ ಕಲ್ಲಿನ ಹತ್ತಿರ ಬರಕೂಡದು. ಪೊದೆಯಿದ್ದರೆ ಹಾವಿರಬಹುದು, ಮೊದಲು ಊರಿನ ಒಬ್ಬ ದೊಡ್ಡವರಿಂದ ಸವರಿಸಿ. ಆಮೇಲೆ ಮಕ್ಕಳಿಗೆ ಹಾಳೆ ಪೆನ್ಸಿಲ್ ಕೊಟ್ಟು ಸುಮ್ಮನೆ ಬಿಡಿ, ನೀವು ವಿವರಿಸಬೇಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದೆದುರು ಕುಳಿತ ವೀರ. ಹಳೆಯ ಕಲ್ಲುಗಳಲ್ಲಿ ಒಂದೇ ಪಟ್ಟಿಕೆ ಇರುವುದೂ ಉಂಟು. ವೀರನ ಕೈಯಲ್ಲಿ ಬಿಲ್ಲಿದೆಯೋ ಕತ್ತಿಯೋ, ಹಿಂದೆ ದನಗಳ ಸಾಲಿದೆಯೋ ಎಂಬುದನ್ನು ಚಿತ್ರ ಬರೆಯುವ ಮಗು ತಾನೇ ಕಂಡುಕೊಳ್ಳುತ್ತದೆ. ದನಗಳಿದ್ದರೆ ಅದು ತುರುಗೋಳಿನ ಕಲ್ಲು, ಅಂದರೆ ಊರ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನ ಕಲ್ಲು. ಅಜ್ಜನ ಕಾಲದಲ್ಲೂ ದನವೇ ಆಸ್ತಿಯಾಗಿದ್ದ ಮನೆಯ ಮಕ್ಕಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪುಸ್ತಕ. ನಿಮ್ಮ ಸಂಘದ ಬೀರುವಿನಲ್ಲಿ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಇದ್ದೀತು. ಇಲ್ಲದಿದ್ದರೂ ಚಿಂತೆಯಿಲ್ಲ, ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. 1905ರಲ್ಲಿ ಅಚ್ಚಾದ ಇದು ಆಗಿನ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಆ ಕಡೆಯ ತಾಲ್ಲೂಕುಗಳೂ ಇದರಲ್ಲೇ ಇವೆ. ಬಂಗಾರಪೇಟೆಯವರು ಬೌರಿಂಗ್‌ಪೇಟೆ ಎಂದು ಹುಡುಕಬೇಕು! ಪ್ರತಿ ತಾಲ್ಲೂಕಿಗೂ ಬೇರೆ ಕ್ರಮಸಂಖ್ಯೆ. ಪ್ರತಿ ಶಾಸನದ ಜೊತೆ ಅದು ಆಗ ಎಲ್ಲಿತ್ತು ಎಂಬ ಒಂದು ಸಾಲು. ಇಂಗ್ಲಿಷ್ ಅಕ್ಷರದಲ್ಲಿ ವಿಚಿತ್ರವಾಗಿ ಬರೆದ ಹಳ್ಳಿಗಳ ಹೆಸರಿನ ನಡುವೆ ತಮ್ಮೂರನ್ನು ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ. ಅಲ್ಲಿ ಸಿಗದಿದ್ದರೆ ನಂತರದ ಪೂರಕ ಸಂಪುಟಗಳಿವೆ, ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ. ಯಾವುದರಲ್ಲಿ ಹುಡುಕಬೇಕು ಎಂದು ಹೇಳಲು ಸಂಘದ ಆ ಹಿರಿಯರು ಬೇಕೇ ಬೇಕು.

ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನಲವತ್ತು ಮಕ್ಕಳನ್ನು ಎದುರಿಗೆ ಕೂರಿಸಿ ‘ನಾಲ್ಕು ಮಾತು ಹೇಳಿ ಸಾರ್’ ಎಂದರೆ ಯಾರಾದರೂ ಭಾಷಣವನ್ನೇ ಮಾಡುತ್ತಾರೆ. ಈ ಸಲ ಮಕ್ಕಳ ಚಿತ್ರಗಳನ್ನೂ ಅವರ ಪ್ರಶ್ನೆಗಳನ್ನೂ ಒಂದು ವಾರ ಮೊದಲೇ ಅವರಿಗೆ ಮುಟ್ಟಿಸಿ. ಇಡೀ ತರಗತಿ ಬೇಡ, ಆರೇಳು ಮಕ್ಕಳು ಸಾಕು. ‘ಪುಸ್ತಕದಲ್ಲಿ ಏಳು ಸಾಲು ಅಂತಿದೆ, ನಮಗೆ ಐದೇ ಕಾಣಿಸಿದ್ದು, ಮಿಕ್ಕ ಎರಡು ಎಲ್ಲಿ ಹೋದವು ತಾತ?’ ಎಂದು ಒಬ್ಬ ಹುಡುಗಿ ಕೇಳಿದಳೆನ್ನಿ. ಆ ಹಿರಿಯರು ಗಂಗರನ್ನೂ ಒಡೆಯರನ್ನೂ ಬಿಟ್ಟು ಮೊದಲು ಕನ್ನಡಕ ಹುಡುಕುತ್ತಾರೆ. ಕಲ್ಲು ನೆಲದಲ್ಲಿ ಹೂತಿರಬಹುದು, ಒಡೆದಿರಬಹುದು, ಮೇಲೆ ಯಾರೋ ಎನಾಮಲ್ ಪೇಂಟ್ ಬಳಿದಿರಬಹುದು. ನೂರು ವರ್ಷದಲ್ಲಿ ಏನು ಅಳಿಯಿತು ಎಂಬುದು ಸಂಘಕ್ಕೂ ಹೊಸ ಸುದ್ದಿ. ಮಕ್ಕಳು ಬರೆದದ್ದರ ಒಂದು ಪ್ರತಿಯನ್ನು ತಾರೀಖು ಹಾಕಿ ಸಂಘದ ಕಡತಕ್ಕೆ ಕೊಟ್ಟುಬನ್ನಿ.

ಅಲ್ಲಿದ್ದಾಗಲೇ ತಾಲ್ಲೂಕು ಸಾಹಿತ್ಯ ಸಮ್ಮೇಳನಗಳ ಸ್ಮರಣ ಸಂಚಿಕೆಗಳನ್ನೂ ಕೇಳಿ ನೋಡಿ. ಅವುಗಳಲ್ಲಿ ಅರ್ಧ ಊರಿನ ಹೆಚ್ಚುಗಾರಿಕೆ, ನಂಬಬೇಡಿ. ಇನ್ನರ್ಧದಲ್ಲಿ ಯಾವ ಹೊಲದ ಬದುವಿನಲ್ಲಿ ಯಾವ ಕಲ್ಲಿದೆ, ಯಾವ ಗುಡಿಯ ಪೂಜಾರಿ ಮನೆಯಲ್ಲಿ ತಾಮ್ರಪಟವಿದೆ ಎಂಬಂಥ ಮಾಹಿತಿ ಇರುತ್ತದೆ. ಬೇರೆಲ್ಲೂ ಅಚ್ಚಾಗಿರದ ಮಾಹಿತಿ ಅದು.

ಇನ್ನು ಜಗಳದ ವಿಷಯ. ಅದೇ ನಿಮ್ಮನ್ನು ಹೆದರಿಸಿರುವುದು, ಹೆದರುವಂಥದ್ದೇ.

ಕಲ್ಲಿನಲ್ಲಿ ಬರಹವಿದ್ದರೆ ಅದು ಎಷ್ಟು ಹೇಳುತ್ತದೋ ಅಷ್ಟಕ್ಕೆ ನಿಲ್ಲಿ. ಆಳುವ ರಾಜ, ಸತ್ತವನ ಹೆಸರು, ಕೆಲವೊಮ್ಮೆ ಅವನ ತಂದೆ, ಮನೆಯವರಿಗೆ ಕೊಟ್ಟ ನೆತ್ತರುಗೊಡಗೆಯ ಭೂಮಿ, ಕೊನೆಗೆ ಇದನ್ನು ಅಳಿಸಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ. ಬಹುಪಾಲು ಇಷ್ಟೇ ಇರುತ್ತದೆ. ಸಾವಿರ ವರ್ಷದ ಹಿಂದಿನ ಆ ಹೆಸರಿನಿಂದ ಇವತ್ತಿನ ಒಂದು ಮನೆಯವರೆಗೆ ಎಳೆ ಎಳೆಯಲು ಯಾವ ವಿದ್ವಾಂಸರಿಗೂ ಸುಲಭಕ್ಕೆ ಆಗದು. ಬರಹವೇ ಇಲ್ಲದ ವೀರಗಲ್ಲುಗಳೂ ಧಾರಾಳ. ಹಾಗಿದ್ದರೆ ‘ಹೆಸರು ಗೊತ್ತಿಲ್ಲ’ ಎಂದು ಬೋರ್ಡಿನ ಮೇಲೆ ಬರೆಯಿರಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ ನಿಜ, ಇತಿಹಾಸ ಓದುವವರಿಗೆ ಮಾತ್ರ ಅದು ಪೂರ್ಣ ಉತ್ತರ.

ಎರಡೂ ಮನೆಗಳ ಕಥೆಯನ್ನು ಎಸೆಯಬೇಡಿ. ಹೇಳಿದವರ ಒಪ್ಪಿಗೆ ಪಡೆದು, ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಎಂದು ನಮೂದಿಸಿ, ಕಲ್ಲಿನ ಪಾಠದಿಂದ ಬೇರೆಯಾದ ಹಾಳೆಗಳಲ್ಲಿ ಎರಡನ್ನೂ ಇಟ್ಟುಕೊಳ್ಳಿ. ಯಾವುದು ನಿಜ ಎಂದು ಮಕ್ಕಳಿಂದ ತೀರ್ಪು ಕೊಡಿಸಬೇಡಿ, ನೀವೂ ಕೊಡಬೇಡಿ. ಪೋಷಕರಿಗೆ ಹೇಳಬೇಕಾದದ್ದು ಇಷ್ಟೇ: ‘ನಿಮ್ಮ ಹಿರಿಯರು ಹೇಳಿಕೊಂಡು ಬಂದದ್ದನ್ನು ನಿಮ್ಮ ಹೆಸರಿನಲ್ಲೇ ಬರೆದಿಟ್ಟಿದ್ದೇವೆ, ಅವರದನ್ನು ಅವರ ಹೆಸರಿನಲ್ಲಿ.’ ಎಷ್ಟೋ ಜನಕ್ಕೆ ಬೇಕಾಗಿರುವುದು ಅಷ್ಟೇ. ಅಷ್ಟಕ್ಕೂ ಬಗ್ಗದಿದ್ದರೆ ಆ ಕಲ್ಲನ್ನು ಈ ವರ್ಷಕ್ಕೆ ಬಿಟ್ಟು ಪಕ್ಕದೂರಿನ ಕಲ್ಲಿಗೆ ಹೋಗಿ. ಮಕ್ಕಳು ಕಲಿಯಬೇಕಾದದ್ದು ನೋಡುವ ರೀತಿ. ಅದು ಯಾವ ಕಲ್ಲಿನಿಂದಲೂ ಬರುತ್ತದೆ.

ತರಗತಿಯ ಬಿಸಿ ಆರಿಸಲು ಆತಕೂರು ಶಾಸನದ ಕಥೆ ಹೇಳಿ. ಹತ್ತನೆಯ ಶತಮಾನದ ನಡುಭಾಗದ್ದು, ಗಂಗರ ಬೂತುಗನ ಕಾಲದ್ದು, ಸಿಕ್ಕಿದ್ದು ಈಗಿನ ಮಂಡ್ಯ ಜಿಲ್ಲೆಯಲ್ಲಿ. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತ ಯುದ್ಧದ ಸುದ್ದಿ ಆ ಕಲ್ಲಿನಲ್ಲಿದೆ. ಜೊತೆಗೆ ಮಣಲೆರ ಎಂಬ ವೀರನ ನಾಯಿ ಕಾಳಿಯ ಸುದ್ದಿಯೂ ಇದೆ. ಕಾಳಿ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಯಾರ ಜಾತಿಯವಳು ಎಂದು ಯಾವ ಹುಡುಗನೂ ಕೇಳುವುದಿಲ್ಲ.

ಇನ್ನೊಂದು ಸಂಗತಿ. ನಿಮ್ಮ ಜಿಲ್ಲೆಯ ಶಾಸನಗಳು ಕನ್ನಡದಲ್ಲಷ್ಟೇ ಇಲ್ಲ. ಚೋಳರು ಆಳಿದ ನೆಲವಾದ್ದರಿಂದ ತಮಿಳಿನವು ಬೇಕಾದಷ್ಟಿವೆ, ಕೋಲಾರಮ್ಮನ ಗುಡಿಯಲ್ಲೇ ಇವೆ, ತೆಲುಗಿನವೂ ಇವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ನಿಮ್ಮ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ.

ಒಂದು ಎಚ್ಚರಿಕೆ. ಪಟ್ಟಿಯಲ್ಲಿಲ್ಲದ ಹೊಸ ಕಲ್ಲು ಸಿಕ್ಕರೆ ವಾಟ್ಸಾಪಿನಲ್ಲಿ ಜಾಗದ ಸಮೇತ ಹಾಕಬೇಡಿ. ‘ನಿಧಿ’ ಎಂಬ ಒಂದು ಮಾತು ಹಬ್ಬಿದರೆ ರಾತ್ರೋರಾತ್ರಿ ಬುಡ ಅಗೆದು ಕಲ್ಲು ಉರುಳಿಸುವವರಿದ್ದಾರೆ. ಸಂಘದವರಿಗೆ ತಿಳಿಸಿ, ಅವರ ಮೂಲಕ ರಾಜ್ಯ ಪುರಾತತ್ವ ಇಲಾಖೆಗೆ ಬರೆಸಿ. ಊರವರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಹೆಬ್ಬಾಳವಿದೆ. ಸುಮಾರು 750ರ, ಗಂಗ ಅರಸ ಶ್ರೀಪುರುಷನ ಕಾಲದ ಕಿತ್ತಯ್ಯನ ಕಲ್ಲು 2018ರಲ್ಲಿ ಅಲ್ಲಿ ಗಮನಕ್ಕೆ ಬಂತು. ಆಸಕ್ತರೂ ಸ್ಥಳೀಯರೂ ಸೇರಿ ಅದಕ್ಕೊಂದು ಮಂಟಪವನ್ನೇ ಕಟ್ಟಿಸಿದರು. 1909ರಿಂದ ಇರುವ ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಅಂಥ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಸವೆದ ಅಕ್ಷರ ಪರದೆಯ ಮೇಲೆ ಎದ್ದು ಬರುವುದನ್ನು ಮಕ್ಕಳಿಗೆ ತೋರಿಸಿ.

ಮುಖ್ಯ ಶಿಕ್ಷಕರ ಹತ್ತಿರ ‘ಸ್ಥಳೀಯ ಇತಿಹಾಸ’ ಎಂಬ ದೊಡ್ಡ ಮಾತು ಎತ್ತಬೇಡಿ. ‘ಸಾರ್, ಎಂಟನೇ ಕ್ಲಾಸಿಗೆ ಆಧಾರಗಳ ಪಾಠ ಇದೆ, ಗಂಗರ ಪಾಠ ಇದೆ, ಎರಡಕ್ಕೂ ಸೇರಿ ಒಂದು ಚಟುವಟಿಕೆ, ಎಫ್‌ಎ ಅಂಕಕ್ಕೆ ಇದನ್ನೇ ತಗೋತೀನಿ, ಬ್ಯಾಗ್ ಇಲ್ಲದ ಶನಿವಾರ ಮಾಡ್ತೀನಿ’ ಎನ್ನಿ. ಎಸ್ಸೆಸ್ಸೆಲ್ಸಿಯವರನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಿ. ಜೊತೆಗೆ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ನೋಡಲು ಅನುಮತಿ ಕೇಳಿ. ಹೆಸರು, ಜಾತಿಯ ಕಲಮುಗಳನ್ನು ಮಕ್ಕಳಿಗೆ ತೋರಿಸದೆ, ಯಾವ ವರ್ಷ ಎಷ್ಟು ಹೆಣ್ಣುಮಕ್ಕಳು ಸೇರಿದರು, ಯಾವ ಯಾವ ಹಳ್ಳಿಯಿಂದ ಬರುತ್ತಿದ್ದರು ಎಂಬುದನ್ನಷ್ಟೇ ನೀವೇ ಎತ್ತಿ ಬರೆದುಕೊಳ್ಳಿ. ಅದನ್ನು ಗ್ರಾಮ ನಕಾಶೆಯ ಪಕ್ಕದಲ್ಲಿಟ್ಟು ಒಂದು ಚಾರ್ಟ್ ಮಾಡಿಸಿ ಮುಖ್ಯ ಶಿಕ್ಷಕರ ಕೊಠಡಿಯಲ್ಲೇ ತೂಗುಹಾಕಿ. ಬಿಇಒ ಸಾಹೇಬರು ಬಂದಾಗ ಅದರ ವಿವರಣೆ ಕೊಡುವ ಕೆಲಸ ಮುಖ್ಯ ಶಿಕ್ಷಕರದೇ ಆಗಲಿ.